ಸುಮಿತ್ರಾಬಾಯಿಯವರು ತೋರಿಸಿದ ಜಾಗ

ಅಧ್ಯಕ್ಷರಾದ ಮೇಲೆ ಸುಮಿತ್ರಾಬಾಯಿಯವರು ಮಾಡಿದ ಮೊದಲ ಸಾರ್ವಜನಿಕ ಕೆಲಸವೆಂದರೆ, ಹೆಂಗಸರ ಶೌಚಾಲಯದ ಹೊಸ್ತಿಲಿಗೆ ನಮಸ್ಕಾರ ಮಾಡಿದ್ದು.

ಬೋರಿಗೇರಾ ಎಂಬುದು ಅಫಜಲಪುರ ತಾಲೂಕಿನಲ್ಲಿ ಗೊಬ್ಬೂರ ದಾಟಿ ಒಳಕ್ಕೆ ಹೋದರೆ ಸಿಗುವ ಊರು. ಬಸ್ಸು ಅಲ್ಲಿಗೆ ಮನಸ್ಸಿದ್ದಾಗ ಹೋಗುತ್ತದೆ. ಅಲ್ಲಿನ ಗ್ರಾಮ ಪಂಚಾಯಿತಿ ಕಟ್ಟಿಸಿದ ಹೊಸ ಶೌಚಾಲಯಕ್ಕೆ ಬಾಳೆಕಂಬ ನಿಲ್ಲಿಸಿ, ರಿಬ್ಬನ್ನು ಎಳೆದು, ಹೊಸ ಅಧ್ಯಕ್ಷರ ಕೈಗೆ ಕತ್ತರಿ ಕೊಟ್ಟಿದ್ದರು. ಕತ್ತರಿಸಿದ್ದಾಯಿತು, ಚಪ್ಪಾಳೆಯಾಯಿತು. ಇನ್ನು ಒಳಗೆ ಕಾಲಿಡಬೇಕು. ಆ ತನಕ ಅವರು ದಾಟಿದ್ದ ಹೊಸ ಹೊಸ್ತಿಲುಗಳೆಲ್ಲ ಗುಡಿಯವು, ಮಠದವು, ಇಲ್ಲವೇ ಯಾರದೋ ಗೃಹಪ್ರವೇಶದವು. ಕೈಗೆ ಅಷ್ಟೇ ಗೊತ್ತು. ಚಪ್ಪಲಿ ಹೊರಗೆ ಬಿಟ್ಟರು, ಸೆರಗು ಸರಿಮಾಡಿಕೊಂಡು ಬಾಗಿದರು, ಬಲಗೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ತಲೆಯೆತ್ತಿದಾಗ ಮುಂದೆ ಬಿಳಿ ಟೈಲ್ಸು, ನೀಲಿ ಬಕೀಟು. ಹಿಂದೆ ಊರಿನ ಮೊಬೈಲುಗಳೆಲ್ಲ.

ಸಂಜೆಯೊಳಗೆ ಆ ಫೋಟೋ ಆಳಂದದಲ್ಲಿ ಕುಳಿತ ನನ್ನ ತನಕ ಬಂತು. ದೇವಾಲಯ, ಶೌಚಾಲಯ, ಎರಡರಲ್ಲೂ ಆಲಯ ಇದೆಯಲ್ಲ ಎಂದು ಎಲ್ಲರಂತೆ ನಾನೂ ನಕ್ಕೆ. ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂಬ ಗೊಂದಲ ನನಗೂ ಹೊಸದಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ದೇವರ ಮುಂದೂ ಮೊಣಕಾಲೂರಬೇಕಿತ್ತು, ಗಣಿತದ ಟೀಚರ ಮುಂದೂ. ಆಮೇಲೆ ತಿಳಿಯಿತು, ಅಧ್ಯಕ್ಷರು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಗೆ ಬಿಟ್ಟ ಚಪ್ಪಲಿ ಮಾಯವಾಗಿತ್ತಂತೆ. ಕದ್ದವನೂ ಅದನ್ನು ಗುಡಿಯೆಂದೇ ತಿಳಿದಿರಬೇಕು. ಬೇಸಿಗೆಯ ಬಿಸಿಲು, ಕಾದ ನೆಲ. ಅವರು ಬರಿಗಾಲಲ್ಲೇ ಮನೆಗೆ ನಡೆದುಹೋದರಂತೆ.

ಸುಮಿತ್ರಾಬಾಯಿಯವರ ತವರು ನಮ್ಮ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಏಳನೆಯ ಇಯತ್ತೆ ಮುಗಿಯುತ್ತಲೇ ಶಾಲೆ ಬಿಡಿಸಿ, ಕೆಲವು ವರ್ಷ ರೊಟ್ಟಿ ಬಡಿಸುವುದನ್ನೂ ಬಡಿಯುವುದನ್ನೂ ಕಲಿಸಿ, ಬೋರಿಗೇರಾದ ಅಮರನಾಥನಿಗೆ ಕೊಟ್ಟರು. ಗಂಡ ಮಾತು ಕಡಿಮೆಯ ಮನುಷ್ಯ. ಹೊಲ, ಎತ್ತು, ಬೆಳಿಗ್ಗೆ ಲಿಂಗಪೂಜೆ, ರಾತ್ರಿ ರೇಡಿಯೋ. ಒಂದು ದಿನ ತೊಗರಿ ರಾಶಿ ಮಾಡುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಆಮೇಲೆ ಮನೆಯಲ್ಲಿ ಉಳಿದವರು ಅವರು, ಮಗ ಕಲ್ಲಿನಾಥ, ಸೊಸೆ ಜಯಮಾಲಾ. ಹಿರಿಯರೆಂದು ಒಬ್ಬರು, ಗಂಡನ ಅಣ್ಣ ದೌಲತರಾಯರು, ಮಗ್ಗುಲ ಮನೆಯಲ್ಲಿ.

ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದಾಗ ಕಲ್ಲಿನಾಥ ತಾಯಿಯನ್ನು ನಿಲ್ಲಿಸಿದ, ಗೆಲ್ಲಿಸಿದ. ಗೆದ್ದ ಮೇಲೆ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ತಾನು ಕುಳಿತ. ಗುತ್ತಿಗೆದಾರರು ಅವನನ್ನೇ ಅಧ್ಯಕ್ಷರೇ ಎಂದು ಕರೆಯುತ್ತಿದ್ದರು, ಅವನೂ ಓ ಎನ್ನುತ್ತಿದ್ದ. ಸಹಿ ತಾಯಿಯದು, ಸಿಹಿ ಮಗನದು. ಇದು ಬೋರಿಗೇರಾದ ವಿಶೇಷವೇನಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಮೀಸಲಾತಿ ಎಂದರೆ ಸಾಮಾನ್ಯವಾಗಿ ಹೀಗೆಯೇ.

ವಿಶೇಷವಾದದ್ದು ಇನ್ನೊಂದಿತ್ತು. ದೌಲತರಾಯರೂ ಪಂಚಾಯಿತಿಯ ಸದಸ್ಯರು. ಆ ಮನೆತನದಲ್ಲಿ ಸೊಸೆಯಂದಿರು ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಸುಮಿತ್ರಾಬಾಯಿಯವರು ಮದುವೆಯಾಗಿ ಬಂದಾಗಿನಿಂದ ಭಾವನವರ ಮುಖ ನೋಡಿ ಒಂದು ಮಾತಾಡಿದವರಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಮಕ್ಕಳ ಬಾಯಿಂದ. ಈಗ ಪಂಚಾಯಿತಿಯ ಸಭೆಯಲ್ಲಿ ಬಾಗಿಲ ಮರೆಯನ್ನು ಎಲ್ಲಿಂದ ತರುವುದು? ಅವರು ಸೆರಗು ಮುಂದಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ, ಭಾವನವರ ಅಭಿಪ್ರಾಯವೇನೆಂದು ಕೇಳಿರಿ ಎಂದು ಪಿಡಿಒ ಸಾಹೇಬರಿಗೆ ಹೇಳುತ್ತಿದ್ದರು. ಸಾಹೇಬರು ದೌಲತರಾಯರನ್ನು ಕೇಳುತ್ತಿದ್ದರು. ದೌಲತರಾಯರು ಕಿಟಕಿಯ ಕಡೆ ತಿರುಗಿ, ನಮ್ಮ ತಮ್ಮನ ಮನೆಯವರಿಗೆ ಹೀಗೆ ಹೇಳಿರಿ ಎನ್ನುತ್ತಿದ್ದರು. ಬೀದಿದೀಪದ ಒಂದು ಬಲ್ಬು ಹೊತ್ತಿಕೊಳ್ಳಬೇಕಾದರೂ ಮಾತು ಇಷ್ಟು ತಂತಿ ಸುತ್ತಿ ಬರಬೇಕಿತ್ತು.

ಸುಮಿತ್ರಾಬಾಯಿಯವರ ದೈವಭಕ್ತಿಯ ಬಗ್ಗೆ ಊರಿನಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಸ್ನಾನವಾಗಿ, ಹಣೆಗೆ ವಿಭೂತಿ ಧರಿಸಿ, ಎದೆಯ ಮೇಲಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುವ ತನಕ ಬಾಯಿಗೆ ನೀರು ಹಾಕುವವರಲ್ಲ. ಕಚೇರಿಯ ಕೆಲಸವನ್ನೂ ಅವರು ಹಾಗೆಯೇ ನೋಡಿದರು. ಕುರ್ಚಿಯಲ್ಲಿ ಕೂಡುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಯಾರೇ ಅರ್ಜಿ ಹಿಡಿದು ಬಂದರೂ ಕೂಡಿಸಿ, ನೀರು ಕೊಡಿಸಿ, ಪೂರ್ತಿ ಕೇಳುವರು. ಕೇಳಿದ್ದನ್ನು ಮಾಡುವುದು ಬಿಡುವುದು ಮಗನ ಕೈಲಿತ್ತು. ದೇವರ ಕೆಲಸವೆಂದು ತಿಳಿದು ಮಾಡುವವರಿಗೆ ಕೆಲಸವೇ ಸಿಗದಿದ್ದರೆ ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಕೆಲಸ ಸಿಕ್ಕಿದ್ದು ಚಂದ್ರಾಮನಿಂದ.

ಬೋರಿಗೇರಾದಲ್ಲಿ ಹೊಲವಿದ್ದವರು ತಮ್ಮ ತಮ್ಮ ಹೊಲದಲ್ಲೇ ಮಣ್ಣಾಗುತ್ತಾರೆ. ಊರಿಗೆಂದು ಬೇರೆ ಸ್ಮಶಾನ ಯಾವತ್ತೂ ಇರಲಿಲ್ಲ, ಬೇಕೆಂದು ಹೊಲವಿದ್ದವರಿಗೆ ಅನ್ನಿಸಿಯೂ ಇರಲಿಲ್ಲ. ಹೊಲವಿಲ್ಲದ ಕೆಳಗಿನ ಓಣಿಯವರು ಹಳ್ಳದ ದಂಡೆಯಲ್ಲಿ ಹೂಳುತ್ತಿದ್ದರು. ಒಂದು ಮಳೆಗಾಲದಲ್ಲಿ ಹಳ್ಳ ಹೊರಳಿ ಬಂದು ದಂಡೆಯನ್ನೂ ದಂಡೆಯಲ್ಲಿದ್ದವರನ್ನೂ ಒಯ್ದಿತು. ಉಳಿದ ಗೇಣಗಲದ ಜಾಗಕ್ಕೆ ಪಕ್ಕದ ಹೊಲದವರು ಕಬ್ಬು ಹಚ್ಚಿ ತಂತಿಬೇಲಿ ಎಳೆದರು. ಅಲ್ಲಿಂದ ಮುಂದೆ ಆ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಅಳುವುದಕ್ಕಿಂತ ಮೊದಲು ಹೂಳುವುದೆಲ್ಲಿ ಎಂದು ಗಂಡಸರು ದಿಕ್ಕುದಿಕ್ಕಿಗೆ ಓಡಬೇಕಾಗುತ್ತಿತ್ತು.

ಚಂದ್ರಾಮ ಕೂಲಿಯವನು. ಅವನ ಹೆಂಡತಿ ಸಕ್ಕುಬಾಯಿ ಸುಮಿತ್ರಾಬಾಯಿಯವರ ಹೊಲದಲ್ಲಿ ಬಹಳ ವರ್ಷ ಕಳೆ ಕಿತ್ತವಳು. ಅವಳ ಎರಡೂ ಕಿಡ್ನಿ ಹೋಗಿವೆ, ಮನೆಗೆ ಕರೆದುಕೊಂಡು ಹೋಗಿ ಎಂದು ಕಲಬುರಗಿಯ ಡಾಕ್ಟರು ಹೇಳಿ ಕಳಿಸಿದ್ದರು. ಚಂದ್ರಾಮ ಪಂಚಾಯಿತಿಗೆ ಬಂದಾಗ ದವಾಖಾನೆಯ ಖರ್ಚಿಗೆ ಬಂದಿದ್ದಾನೆ ಎಂದೇ ಎಲ್ಲರೂ ತಿಳಿದರು. ಅವನು ಕೇಳಿದ್ದು ಬೇರೆ.

“ಬಾಯಾರ, ಆಕಿ ಇನ್ನಾ ಅದಾಳ್ರಿ. ಇರೂತನಾನೇ ಕೇಳಿ ಇಡಬೇಕಂತ ಬಂದೀನಿ. ಹೋದಮ್ಯಾಲ ಹೊತ್ಕೊಂಡು ತಿರಗೂದು ನನ್ನ ಕೈಲೆ ಆಗಂಗಿಲ್ರಿ.”

ಕಲ್ಲಿನಾಥ ಅಂದು ಕಚೇರಿಯಲ್ಲಿರಲಿಲ್ಲ. ಪಕ್ಕದ ಕುರ್ಚಿ ಖಾಲಿ ಇತ್ತು. ಸುಮಿತ್ರಾಬಾಯಿ ಎದೆಯ ಮೇಲೆ, ಸೀರೆಯೊಳಗೆ ಲಿಂಗವಿದ್ದ ಕಡೆ ಕೈಯಿಟ್ಟು, ಜಾಗ ಕೊಡಿಸುತ್ತೇನೆ ಎಂದರು. ಆಣೆ ಎಂಬ ಮಾತು ಬಾಯಲ್ಲಿ ಬರಲಿಲ್ಲ. ಆದರೆ ಕೈ ಎಲ್ಲಿತ್ತು ಎಂಬುದನ್ನು ಚಂದ್ರಾಮನೂ ನೋಡಿದ, ಕಸ ಗುಡಿಸುತ್ತಿದ್ದ ಕುಲಸುಮಬಿಯೂ ನೋಡಿದಳು. ಲಿಂಗದ ಮೇಲೆ ಕೈಯಿಟ್ಟು ಅಂದ ಮಾತನ್ನು ಆ ಮನೆತನದವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಠರಾವು ಸಲೀಸಾಗಿ ಆಯಿತು. ಊರ ಪಡುವಣಕ್ಕೆ ಗಾಯರಾಣ ಇದೆ, ಅಂದರೆ ದನ ಮೇಯಲೆಂದು ಸರಕಾರ ಬಿಟ್ಟ ಜಮೀನು. ಅದರಲ್ಲಿ ಎರಡು ಎಕರೆ ಸ್ಮಶಾನಕ್ಕೆ ಎಂದು ಬರೆದುಕೊಂಡರು. ಸರಕಾರದ ಜಮೀನನ್ನು ದಾನ ಮಾಡುವಾಗ ನಮ್ಮ ಜನರಷ್ಟು ಉದಾರಿಗಳು ಇನ್ನಾರೂ ಇಲ್ಲ. ದೌಲತರಾಯರೇ ಕಿಟಕಿಯ ಕಡೆ ತಿರುಗಿ ಅನುಮೋದಿಸಿದರು. ತಹಶೀಲ್ದಾರರ ಹುಕುಮು ಬಂತು. ಸರ್ವೇಯರ್ ಸೂರ್ಯಕಾಂತ ಮೋಜಣಿಗೆ ಬಂದ.

ಗಾಯರಾಣ ಎಂಬ ಹೆಸರಿನಲ್ಲೇ ಗಾಯ ಇದೆ. ಅದು ಯಾರಿಗಾಗುತ್ತದೆ ಎಂಬುದು ಮಾತ್ರ ಅಳೆಯುವ ತನಕ ಗೊತ್ತಾಗುವುದಿಲ್ಲ.

ಹೊಲದಲ್ಲಿ ಹೂಳುವವರು ನಟ್ಟನಡುವೆ ಹೂಳುವುದಿಲ್ಲ; ಕುಂಟೆ ಹೊಡೆಯಲು ಅಡ್ಡವಾಗುತ್ತದೆ. ಹೊಲದ ಅಂಚಿನಲ್ಲಿ, ಒಡ್ಡಿನ ಮಗ್ಗುಲಲ್ಲಿ ಹೂಳುತ್ತಾರೆ. ಅಮರನಾಥನನ್ನೂ ಹಾಗೆಯೇ, ಪದ್ಧತಿಯಂತೆ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ, ಹೊಲದ ಪಡುವಣದ ಅಂಚಿನಲ್ಲಿ ಮಣ್ಣು ಕೊಟ್ಟಿದ್ದರು. ಮೇಲೊಂದು ಸಣ್ಣ ಗದ್ದುಗೆ ಕಟ್ಟಿಸಿ ಸುಣ್ಣ ಬಳಿದಿದ್ದರು. ಆದರೆ ಹೊಲದ ಅಂಚು ಎನ್ನುವುದು ಇದ್ದಲ್ಲೇ ಇರುವುದಿಲ್ಲ. ಸುಮಿತ್ರಾಬಾಯಿಯವರ ಮಾವನ ಕಾಲದಲ್ಲಿ ಪ್ರತಿ ಮುಂಗಾರಿಗೂ ಆ ಮನೆಯ ನೇಗಿಲು ಗಾಯರಾಣದ ಕಡೆ ಒಂದೊಂದು ಸಾಲು ಹೆಚ್ಚು ಹೋಗುತ್ತಿತ್ತು. ಒಡ್ಡೂ ಸಾಲಿನ ಹಿಂದೆಯೇ ನಡೆದು ಬಂತು. ಮಾವ ತೀರಿಕೊಂಡರು, ಒಡ್ಡು ನಿಂತಲ್ಲಿ ನಿಂತಿತು. ಅದೇ ಅಂಚೆಂದು ಮಗನನ್ನು ಅಲ್ಲಿ ಕೂಡಿಸಿದರು.

ಸೂರ್ಯಕಾಂತ ಹಳೆಯ ಗಡಿಕಲ್ಲು ಹುಡುಕಿ ಸರಪಳಿ ಎಳೆಸಿದ. ಸರಪಳಿ ಅಮರನಾಥನ ಗದ್ದುಗೆಯ ಈಚೆಗೇ ನಿಂತುಬಿಟ್ಟಿತು. ಮೋಜಣಿಯಲ್ಲಿ ಮೋಜು ಇರುವುದು ನೋಡುವವರಿಗೆ. ನೋಡಲು ಊರೇ ಬಂದಿತ್ತು. ಸೂರ್ಯಕಾಂತ ಮತ್ತೊಮ್ಮೆ ಎಳೆಸಿದ. ಆಮೇಲೆ ಬೆವರು ಒರೆಸಿಕೊಂಡು, ಯಜಮಾನರು ಸರಕಾರದ ಜಾಗದಲ್ಲಿದ್ದಾರೆ ಎಂದು ಸಣ್ಣ ದನಿಯಲ್ಲಿ ಹೇಳಿದ. ಸ್ಮಶಾನಕ್ಕೆ ಗೊತ್ತಾದ ಎರಡು ಎಕರೆಯೊಳಗೇ ಗದ್ದುಗೆ ಬರುತ್ತಿತ್ತು. ಗಾಯರಾಣದ ಆಚೆ ಭಾಗವೆಲ್ಲ ಬಂಡೆಗಲ್ಲು, ಅಲ್ಲಿ ಗುದ್ದಲಿ ಇಳಿಯುವುದಿಲ್ಲ.

ಲಿಂಗೈಕ್ಯರಾದವರನ್ನು ಎಬ್ಬಿಸಿ ಬೇರೆ ಕಡೆ ಒಯ್ಯುವ ಮಾತೇ ಇಲ್ಲ. ಅಂದರೆ ಉಳಿದದ್ದು ಎರಡೇ. ಒಂದು, ಅಮರನಾಥ ಊರಿನ ಸ್ಮಶಾನದಲ್ಲಿ ಎಲ್ಲ ಓಣಿಯ ಹೆಣಗಳ ನಡುವೆ ಇರುವುದು. ಇಲ್ಲವೇ ಸ್ಮಶಾನವೇ ಬೇಡವೆನ್ನುವುದು.

ದೌಲತರಾಯರಿಗೆ ಆ ದಿನ ಬಿದ್ದ ಪೆಟ್ಟು ಇನ್ನೂ ಆಳದ್ದು. ತಮ್ಮನ ಗದ್ದುಗೆಯ ಮಗ್ಗುಲಲ್ಲಿ ತಮಗೆಂದು ಜಾಗ ಗೊತ್ತುಮಾಡಿ, ನೆರಳಿಗೆ ಬೇವಿನ ಸಸಿ ನೆಟ್ಟು, ಎರಡು ಬೇಸಿಗೆ ತಾವೇ ಕೊಡ ಹೊತ್ತು ನೀರು ಹಾಕಿ ಬದುಕಿಸಿದ್ದರು. ಆ ಬೇವೂ ಸರಪಳಿಯ ಆಚೆಗೇ ಹೋಯಿತು. ಅವರು ಜಗಳಗಂಟರಲ್ಲ. ಸಂಜೆ ಕಟ್ಟೆಗೆ ಬಂದು ಕುಳಿತು, ಬಂದವರೆದುರೆಲ್ಲ ಅದೊಂದನ್ನೇ ಅಂದರು.

“ನಾ ಎಲ್ಲಿ ಹೋಗ್ಲಿ ಹೇಳ್ರಿ. ಅಂವ ಒಬ್ಬನೇ ಕುಂತಾನಂತ ನಾ ಬಾಜೂಕ ಹಿಡದು ಇಟ್ಟಿದ್ದೆ.”

ಉಪಾಯ ಹುಡುಕಿದವನು ಕಲ್ಲಿನಾಥ. ಇನ್ನೊಂದು ಕಲ್ಲಿನಿಂದ ಅಳೆಯಲು ಹೇಳಿದರೆ ಸರಪಳಿ ಬೇರೆ ಕಡೆ ನಿಲ್ಲುತ್ತದೆ. ಅದೂ ಬೇಡವಾದರೆ ಸೂಕ್ತ ಜಾಗ ಸಿಗಲಿಲ್ಲ ಎಂದು ಅಧ್ಯಕ್ಷರು ಬರೆದುಕೊಟ್ಟರೆ ಸಾಕು. ಅಧ್ಯಕ್ಷರು ಹೇಳುವ ತನಕ ತಾನು ಕಲ್ಲು ನೆಡುವುದಿಲ್ಲ ಎಂದು ಸೂರ್ಯಕಾಂತ ಕೂಡ ಒಪ್ಪಿದ. ಹೀಗೆ ಎಲ್ಲವೂ ಸುಮಿತ್ರಾಬಾಯಿಯವರ ಒಂದು ಮಾತಿಗೆ ಬಂದು ನಿಂತಿತು, ಅಧ್ಯಕ್ಷರಾದ ಮೇಲೆ ಮೊದಲ ಸಲ. ಅವರು ಆ ಮಾತನ್ನು ಆಡಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಿಗ್ಗೆಯ ಪೂಜೆಯ ಹೊತ್ತು ದಿನದಿನಕ್ಕೆ ಉದ್ದವಾಯಿತು. ಕೆಳಗಿನ ಓಣಿಯ ಮುಂದಿನಿಂದ ಹೋಗುವುದನ್ನು ಬಿಟ್ಟು ಸುತ್ತಿ ಬಳಸಿ ಕಚೇರಿಗೆ ಹೋಗತೊಡಗಿದರು. ಜೇವರ್ಗಿ ಕಡೆಯ ಒಂದು ಮಠಕ್ಕೆ ಹೋಗಿ ಹಿರಿಯ ಸ್ವಾಮಿಗಳೆದುರು ಎಲ್ಲವನ್ನೂ ತೋಡಿಕೊಂಡರು. ಸ್ವಾಮಿಗಳು ಬಹಳ ಹೊತ್ತು ಕಣ್ಣು ಮುಚ್ಚಿ ಇದ್ದು, ಇದು ಧರ್ಮಸಂಕಟ ತಾಯಿ ಎಂದು ಹೇಳಿ ಒಂದು ಮೋಸಂಬಿ ಕೊಟ್ಟು ಕಳಿಸಿದರು. ಸಂಕಟ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಹೊಸದಾಗಿ ಸಿಕ್ಕಿದ್ದು ಮೋಸಂಬಿ.

ಚಂದ್ರಾಮ ಒಮ್ಮೆಯೂ ಮತ್ತೆ ಕೇಳಲು ಬರಲಿಲ್ಲ. ಅದೇ ಅವರಿಗೆ ಹೆಚ್ಚು ಕಷ್ಟವಾಯಿತೆಂದು ಕುಲಸುಮಬಿ ಹೇಳುತ್ತಾಳೆ.

ಸಕ್ಕುಬಾಯಿ ವೈಶಾಖದ ಉರಿಯಲ್ಲಿ ಒಂದು ಸಂಜೆ ತೀರಿಕೊಂಡಳು. ಓಣಿಯವರು ಆ ಸಂಜೆಯೇ ಅಕ್ಕಪಕ್ಕದ ಹೊಲದವರನ್ನೆಲ್ಲ ಕೇಳಿ ಬಂದಿದ್ದರು. ಎಲ್ಲಿಯೂ ಆಗಲಿಲ್ಲ. ಬೆಳಿಗ್ಗೆ ಹೆಣವನ್ನು ಹೊತ್ತು ಪಂಚಾಯಿತಿಗೆ ತಂದರು. ಅವರು ಬರುವ ಸುದ್ದಿ ಕೇಳಿ ಕಲ್ಲಿನಾಥ ಕಚೇರಿಗೆ ಬೀಗ ಹಾಕಿಸಿದ್ದ. ಬೀಗದ ಮುಂದೆ ಸ್ವಲ್ಪ ಹೊತ್ತು ನಿಂತವರು, ಅಲ್ಲಿಂದ ಹೊರಟು ಅಧ್ಯಕ್ಷರ ಮನೆಯ ಮುಂದೆ ಬಂದು ಇಳಿಸಿದರು. ಯಾರೂ ಕೂಗಲಿಲ್ಲ, ಧಿಕ್ಕಾರವಿಲ್ಲ. ಓಣಿಯ ಹಿರಿಯ ಬೀರಣ್ಣ ತಲೆಯ ರುಮಾಲು ಬಿಚ್ಚಿ ಹೆಣದ ಮುಖಕ್ಕೆ ನೆರಳಾಗುವಂತೆ ಹಿಡಿದು ನಿಂತ. ಚಂದ್ರಾಮ ಕಾಲ ಹತ್ತಿರ ಕುಳಿತ.

ಸುಮಿತ್ರಾಬಾಯಿ ಅದೇ ತಾನೇ ಪೂಜೆಗೆ ಕುಳಿತಿದ್ದರು. ಅವರ ಪೂಜೆಯ ಕೋಣೆ ಬೀದಿಯ ಕಡೆಗಿದೆ. ಹೊರಗಿನ ಕೆಮ್ಮು ಕೂಡ ಒಳಗೆ ಕೇಳುತ್ತದೆ. ಕಲ್ಲಿನಾಥ ಒಳಗೆ ಬಂದು ಬಾಗಿಲಲ್ಲಿ ನಿಂತು ತಾಯಿಗೆ ಹೇಳಿದ್ದನ್ನು ಸೊಸೆ ಜಯಮಾಲಾ ಕೇಳಿಸಿಕೊಂಡಿದ್ದಾಳೆ.

“ಯವ್ವಾ, ನೀ ಏಳಬ್ಯಾಡ. ಪೂಜಾದಾಗ ಅದಾರ ಅಂತ ಹೇಳ್ತೇನಿ. ದೇವರ ಮುಂದ ಕುಂತವರನ್ನ ಎಬ್ಬಸೂ ಧೈರ್ಯ ಯಾರಿಗೂ ಇಲ್ಲ.”

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹೊರಗೆ ಹೋಗಿ ಅವನು ಹಾಗೆಯೇ ಹೇಳಿದ. ಓಣಿಯವರು ತಲೆಯಾಡಿಸಿ, ಆಗಲಿ, ಮುಗಿಸಿ ಬರಲಿ ಎಂದರು. ಪೂಜೆಯಲ್ಲಿದ್ದವರಿಗೆ ಅಡ್ಡಿಪಡಿಸುವುದು ಅವರಿಗೂ ಪಾಪವೇ. ಬಿಸಿಲು ಏರಿತು. ಪೂಜೆ ಮುಗಿಯಲಿಲ್ಲ. ಮಗ್ಗುಲ ಮನೆಯಿಂದ ದೌಲತರಾಯರು ಎದ್ದು ಇಬ್ಬರು ಆಳುಗಳನ್ನು ಕರೆದುಕೊಂಡು ಹೊಲಕ್ಕೆ ಹೋದರು, ಗದ್ದುಗೆ ಮತ್ತು ಬೇವಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸತೊಡಗಿದರು. ಮಧ್ಯಾಹ್ನವಾಯಿತು. ಮನೆಯ ಮುಂದಿನ ನೆರಳು ಗೋಡೆಗೆ ಹತ್ತಿಕೊಂಡು ಕುಳಿತಿತು. ಊರಿನ ಅರ್ಧ ಜನ ದೂರದಲ್ಲಿ ನಿಂತು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಸುಮಿತ್ರಾಬಾಯಿ ಹೊರಗೆ ಬಂದರು. ಹಣೆಯ ಮೇಲೆ ವಿಭೂತಿ ಬೆವರಿಗೆ ಇಳಿದಿತ್ತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಲೇ ಬಂದರು. ಗಂಟು ಇನ್ನೂ ಬಿದ್ದಿರಲಿಲ್ಲ. ಹೆಣದ ಮುಂದೆ ನಿಂತು ಕೈಮುಗಿದರು.

“ಎತ್ರಿ,” ಎಂದರು. “ನನ್ನ ಹಿಂದ ಬರ್ರಿ.”

ಕಲ್ಲಿನಾಥ ಯವ್ವಾ ಎಂದು ಕೈ ಹಿಡಿಯಲು ಬಂದ. ಅವರು ಅವನನ್ನು ದಾಟಿ ನಡೆದರು. ನೇರ ಹೊಲಕ್ಕೆ ಬಂದರು. ಅಲ್ಲಿ ಬೇಲಿ ಮುಕ್ಕಾಲು ಎದ್ದಿತ್ತು. ಬೇಲಿಯ ಮುಂದೆ ದೌಲತರಾಯರು, ಕೈಯಲ್ಲಿ ಜಾಲಿಯ ಕೊಂಬೆ. ಹೆಣ ಹೊತ್ತವರು ಹಿಂದೆ ನಿಂತರು. ಅಲ್ಲಿ ನಡುವೆ ನಿಂತು ಮಾತು ದಾಟಿಸಲು ಪಿಡಿಒ ಸಾಹೇಬರಿರಲಿಲ್ಲ, ತಿರುಗಿ ನಿಲ್ಲಲು ಗೋಡೆಯೂ ಇರಲಿಲ್ಲ. ಸುಮಿತ್ರಾಬಾಯಿ ಸೆರಗು ಮುಂದಕ್ಕೆಳೆಯಲಿಲ್ಲ. ಭಾವನವರ ಮುಖವನ್ನು ನೋಡಿದರು, ಅಷ್ಟು ವರ್ಷದಲ್ಲಿ ಮೊದಲ ಸಲ.

“ಭಾವಾರ, ಸರೀರಿ.”

ದೌಲತರಾಯರು ಸರಿದರು. ಕೋಪದಿಂದಲ್ಲ, ಒಪ್ಪಿಯೂ ಅಲ್ಲ. ಆ ದನಿಯನ್ನು ಅವರು ಕೇಳಿಯೇ ಇರಲಿಲ್ಲವಾದ್ದರಿಂದ, ಯಾರೋ ಅಪರಿಚಿತರು ದಾರಿ ಕೇಳಿದಾಗ ಸರಿಯುವಂತೆ ಸರಿದರು ಎಂದು ನೋಡಿದವರು ಹೇಳುತ್ತಾರೆ. ಸುಮಿತ್ರಾಬಾಯಿ ಕೈಯಿಂದಲೇ ಮುಳ್ಳು ಎಳೆದು ಬದಿಗೆ ಹಾಕಿದರು. ಗಂಡನ ಗದ್ದುಗೆಯಿಂದ ತುಸು ಈಚೆ, ಬೇವಿನ ಬುಡಕ್ಕೆ ಸಮೀಪ, ಹದವಾದ ಮಣ್ಣಿರುವ ಕಡೆ ಕಾಲಿನಿಂದ ಗೆರೆ ಎಳೆದು, ಇಲ್ಲಿ ಎಂದು ತೋರಿಸಿದರು. ಗುದ್ದಲಿ ಬಿತ್ತು. ಮುಗಿಯುವ ತನಕ ಅಲ್ಲೇ ನಿಂತು, ಕೊನೆಗೆ ಒಂದು ಹಿಡಿ ಮಣ್ಣು ತಾವೂ ಹಾಕಿ, ಸೂರ್ಯಕಾಂತನಿಗೆ ಫೋನು ಹಚ್ಚಿಸಿ, ಕಲ್ಲು ನೆಟ್ಟುಬಿಡು ಎಂದು ಹೇಳಿದರು.

ಇದಿಷ್ಟೂ ಕತೆಯಾಗಿ ತಾಲೂಕಿನಲ್ಲಿ ಹಬ್ಬಿತು. ಹಬ್ಬುವಾಗ ಬೆಳೆಯಿತು. ಪೂಜೆಯಲ್ಲಿ ಅಂಗೈ ಮೇಲಿನ ಲಿಂಗ ಬಿಸಿಯಾಯಿತಂತೆ, ಏಳು ತಾಯಿ ಎಂದು ಒಳಗಿನಿಂದ ದನಿ ಕೇಳಿತಂತೆ, ಗಂಡನೇ ಬಂದು ನನ್ನ ಬದಿಗೆ ಜಾಗ ಇದೆ ಕೊಡು ಎಂದನಂತೆ. ಆಳಂದಕ್ಕೆ ಬರುವಷ್ಟರಲ್ಲಿ ಬೇವು ಹೂ ಸುರಿಸಿತ್ತು.

ಊರಿನಲ್ಲಿ ನಡೆದದ್ದು ಬೇರೆ. ದೌಲತರಾಯರು ಆಮೇಲೆ ಆ ಹೊಲದ ಕಡೆ ಹೋಗಲಿಲ್ಲ. ಶ್ರಾವಣ ಕಳೆಯುವ ಮೊದಲೇ ಜ್ವರ ಬಂದು ತೀರಿಕೊಂಡರು. ಕಲ್ಲಿನಾಥ ಅವರನ್ನು ಹೊಲದ ಮೂಡಣ ಅಂಚಿನಲ್ಲಿ, ತಮ್ಮನಿಂದ ಸಾಧ್ಯವಾದಷ್ಟು ದೂರ, ಒಬ್ಬರನ್ನೇ ಕೂಡಿಸಿದ. ಈ ಸಲ ಸರ್ವೇಯರನ್ನು ಕರೆಸಿ ಅಳೆಸಿಯೇ ಹೂಳಿದರು. ಮೇಲಿನ ಓಣಿಯ ಯಾವ ಹೆಣವೂ ಇಂದಿನ ತನಕ ಊರಿನ ಸ್ಮಶಾನಕ್ಕೆ ಹೋಗಿಲ್ಲ. ಅಲ್ಲಿಗೆ ಹೋಗುವ ದಾರಿಗೆ ಮಂಜೂರಾದ ಜಲ್ಲಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಮಳೆ ಬಂದರೆ ಹೊತ್ತವರ ಕಾಲು ಎರೆಮಣ್ಣಿನಲ್ಲಿ ಮೊಣಕಾಲ ತನಕ ಹೂತುಹೋಗುತ್ತದೆ. ಸದಸ್ಯರು ಸೇರಿ ಸುಮಿತ್ರಾಬಾಯಿಯವರ ಮೇಲೆ ಅವಿಶ್ವಾಸ ಠರಾವು ತಂದರು. ಅವಿಶ್ವಾಸ ತರಲು ಮೊದಲು ವಿಶ್ವಾಸ ಇದ್ದಿರಬೇಕಲ್ಲವೇ ಎಂದು ಕೇಳುವವರು ಯಾರೂ ಇರಲಿಲ್ಲ. ಸಹಿ ಕೂಡಿಸಲು ಮನೆಮನೆಗೆ ಓಡಾಡಿದವನು ಕಲ್ಲಿನಾಥ. ಅವರು ಕುರ್ಚಿ ಬಿಟ್ಟು ಮನೆಗೆ ಬಂದ ದಿನವೇ ಒಲೆ ಬೇರೆಯಾಯಿತು. ಈಗಲೂ ತಾಯಿ ಮಗ ಒಂದೇ ಸೂರಿನಡಿ ಇದ್ದಾರೆ. ಅವರ ನಡುವೆ ಮಾತು ಹೋಗಬೇಕಾದರೆ ಜಯಮಾಲಾ ಗೋಡೆಯ ಕಡೆ ಮುಖ ಮಾಡಿ ಹೇಳಬೇಕು.

ನಾನು ಅವರನ್ನು ಕಣ್ಣಾರೆ ಕಂಡದ್ದು ಕಳೆದ ವರ್ಷ ಜೇವರ್ಗಿಯಲ್ಲಿ. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದಿರುವ ಹೆಣ್ಣುಮಕ್ಕಳಿಗಾಗಿ ಒಂದು ಸಂಸ್ಥೆಯವರು ಶಿಬಿರ ಇಟ್ಟಿದ್ದರು. ಆ ದಿನದ ವಿಷಯ, ಅಧಿಕಾರವೂ ಆರಾಧನೆಯೇ. ಬೆಳಗಿನಿಂದ ಭಾಷಣಗಳು. ಕುರ್ಚಿಯನ್ನು ಪೂಜಾಪೀಠವೆಂದು ತಿಳಿಯಿರಿ ಎಂದು ನಿವೃತ್ತ ಅಧಿಕಾರಿಯೊಬ್ಬರು ಹೇಳಿದರು. ಅವರ ಅವಧಿಯಲ್ಲಿ ಆ ಪೀಠಕ್ಕೆ ಕಾಣಿಕೆ ಚೆನ್ನಾಗಿಯೇ ಬೀಳುತ್ತಿತ್ತೆಂದು ನನ್ನ ಪಕ್ಕದವರು ಪಿಸುಗುಟ್ಟಿದರು. ಜನರಲ್ಲಿ ಜನಾರ್ದನನನ್ನು ಕಾಣಿರಿ ಎಂದು ಇನ್ನೊಬ್ಬರು. ಊಟದ ಹೊತ್ತು ದಾಟಿದ ಮೇಲೆ, ಈ ಮಾತಿಗೆಲ್ಲ ಜೀವಂತ ಸಾಕ್ಷಿ ಎಂದು ಹೇಳಿ ಸುಮಿತ್ರಾಬಾಯಿಯವರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು. ನಿರೂಪಕಿ ಅವರ ಕತೆಯನ್ನು ಹೇಳಿದಳು, ಬಿಸಿಯಾದ ಲಿಂಗ ಸಹಿತ. ಕೇಳುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಕಣ್ಣೊರೆಸಿಕೊಂಡರು. ಅವರು ಮಾತ್ರ ಶಾಲಿನ ಜರಿ ಕತ್ತಿಗೆ ಚುಚ್ಚುತ್ತದೆಂದು ಅದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ನೆಲ ನೋಡುತ್ತ ಕುಳಿತಿದ್ದರು. ಫೋಟೋದಲ್ಲಿ ನೋಡಿದ್ದಕ್ಕಿಂತ ಬಹಳ ಇಳಿದುಹೋಗಿದ್ದರು.

ಇಜೇರಿಯಿಂದ ಬಂದಿದ್ದ ಪಲ್ಲವಿ ಎಂಬ ಹುಡುಗಿ ಎದ್ದು ನಿಂತಳು. ಹೊಸದಾಗಿ ಮದುವೆಯಾದವಳು, ಮಾವನ ಮನೆಯವರು ಚುನಾವಣೆಗೆ ನಿಲ್ಲಿಸಲಿದ್ದಾರೆ. ಕೇಳಬೇಕೋ ಬೇಡವೋ ಎಂದು ಮೈಕನ್ನು ಕೈಯಿಂದ ಕೈಗೆ ಬದಲಾಯಿಸಿ, ಕೊನೆಗೆ ಕೇಳಿದಳು.

“ಅಮ್ಮಾರ, ನಮಗೂ ನಾಳೆ ಹಿಂತಾ ಹೊತ್ತು ಬರಬಹುದ್ರಿ. ಅವತ್ತ ಲಿಂಗ ಕೈಯಾಗ ಹಿಡಕೊಂಡು ಕುಂತಾಗ ದೇವರು ನಿಮಗ ಏನ್ ಹೇಳಿದ್ರು? ಯಾವ ಮಾತಿಗೆ ಎದ್ರಿ ನೀವು?”

ಸುಮಿತ್ರಾಬಾಯಿ ಅವಳ ಕಡೆ ನೋಡಿದರು. ಆ ಹುಡುಗಿಯ ಮುಖದಲ್ಲಿ ಏನು ಕಂಡಿತೋ, ಸುಳ್ಳು ಹೇಳಬಾರದು ಅನ್ನಿಸಿರಬೇಕು.

“ಏನೂ ಹೇಳ್ಲಿಲ್ಲವ್ವ. ಬಿಸಲಾಗ ಹೆಣಾ ನಾರಾಕತ್ತಿತ್ತು. ನನಗ ಕುಂದ್ರಾಕ ಆಗ್ಲಿಲ್ಲ.”